ನಡುವಯಸ್ಸು, ಮನೆ, ಸಾವಿನ ಭಯ: ಇಂಥ ಹಾಸ್ಯಚಿತ್ರ ಬರೆಯುವವರು, ತೆಗೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಲವತ್ತೈದು ದಾಟಿದ ಗೃಹಸ್ಥನಿಗೆ ಇದ್ದಕ್ಕಿದ್ದಂತೆ ಸಾವಿನ ಭಯ ಹಿಡಿಯುತ್ತದೆ. ಮನೆಯವರಿಗೆ ಅದು ತಿಳಿಯುವುದಿಲ್ಲ, ಅವನು ಹೇಳುವುದೂ ಇಲ್ಲ. ಇಂಥ ಕಥೆ ಹಿಡಿದು ಸಣ್ಣ ಬಜೆಟ್ಟಿನಲ್ಲಿ ಕನ್ನಡ ಚಿತ್ರ ಮಾಡಲು ಹೊರಟವರ ಪ್ರಶ್ನೆಗಳು ಇಲ್ಲಿವೆ. ಆಸ್ಪತ್ರೆ, ಚಟ್ಟ, ತಿಥಿಯ ವಿವರಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇವೆ. ಇಂಥ ಚಿತ್ರಗಳು ಕೆಡುವುದು ಹೆಚ್ಚಾಗಿ ಅಲ್ಲೇ.

ಸಾವನ್ನು ಇಟ್ಟುಕೊಂಡು ನಗಿಸುವುದು ಸರಿಯೇ?

ಸರಿಯೇ. ಆದರೆ ಯಾರನ್ನು ನೋಡಿ ನಗುತ್ತಿದ್ದೇವೆ ಎಂಬುದು ಬರೆಯುವವರಿಗೆ ಸ್ಪಷ್ಟವಿರಬೇಕು. ಸತ್ತವರನ್ನು ನೋಡಿ ನಕ್ಕರೆ, ಅಳುತ್ತಿರುವವರನ್ನು ಅಣಕಿಸಿದರೆ ಥಿಯೇಟರಿನಲ್ಲಿ ಅರ್ಧ ಜನ ಮುಖ ತಿರುಗಿಸುತ್ತಾರೆ. ಅವರಲ್ಲಿ ಈಚೆಗೆ ಅಪ್ಪನನ್ನೋ ಅಮ್ಮನನ್ನೋ ಕಳೆದುಕೊಂಡವರು ಇದ್ದೇ ಇರುತ್ತಾರೆ. ನಗು ಬರಬೇಕಾದದ್ದು ಭಯವನ್ನು ಮುಚ್ಚಿಡಲು ಮನುಷ್ಯ ಮಾಡುವ ಕೆಲಸಗಳಿಂದ: ಬಿ.ಪಿ. ಮೆಷಿನ್ನನ್ನು ಬೀರುವಿನಲ್ಲಿ ಬಚ್ಚಿಡುವುದು, ಶವಸಂಸ್ಕಾರಕ್ಕೆ ಹೋಗಿ ಸತ್ತವರ ವಯಸ್ಸನ್ನು ಮೂರು ಜನರ ಹತ್ತಿರ ವಿಚಾರಿಸುವುದು, ಹತ್ತು ವರ್ಷದಿಂದ ಮಾತು ಬಿಟ್ಟಿದ್ದ ತಮ್ಮನಿಗೆ ಕಾರಣವಿಲ್ಲದೆ ಫೋನ್ ಮಾಡುವುದು. ಪಾತ್ರಕ್ಕೆ ಆ ಭಯ ನೂರಕ್ಕೆ ನೂರು ನಿಜವಾಗಿರಬೇಕು. ತಾನು ತಮಾಷೆ ಮಾಡುತ್ತಿದ್ದೇನೆಂದು ನಟನಿಗೆ ಅನಿಸಿದ ಕ್ಷಣ ದೃಶ್ಯ ಬಿದ್ದುಹೋಗುತ್ತದೆ.

ಭಯ ಎಲ್ಲಿಂದ ಶುರುವಾಗಬೇಕು?

ಓರಗೆಯ ಗೆಳೆಯನ ಸಾವು, ಅಪ್ಪನ ಸಾವು, ಇಲ್ಲವೇ ಒಂದು ಮೆಡಿಕಲ್ ರಿಪೋರ್ಟ್. ಈ ಮೂರರಲ್ಲಿ ಯಾವುದಾದರೂ ನಡೆಯುತ್ತದೆ, ಮೊದಲ 12 ನಿಮಿಷದೊಳಗೆ ಬಂದುಬಿಡಲಿ. ಅಪ್ಪನ ಸಾವಿನಲ್ಲಿ ಒಂದು ಅನುಕೂಲವಿದೆ: ಸಾಲಿನಲ್ಲಿ ಮುಂದಿನವನು ತಾನೇ ಎಂಬುದು ನಾಯಕನಿಗೆ ಯಾರೂ ಹೇಳದೆ ಗೊತ್ತಾಗುತ್ತದೆ.

ರಿಪೋರ್ಟನ್ನು ಆರಿಸಿಕೊಂಡವರು ಸಾಮಾನ್ಯವಾಗಿ "ಏನೂ ಇಲ್ಲ" ಎಂದು ಡಾಕ್ಟರ್ ಹೇಳಿದ ಕೂಡಲೇ ಕಥೆ ಮುಗಿಸಿಬಿಡುತ್ತಾರೆ. ವುಡಿ ಅಲೆನ್ 1986ರ ‘ಹ್ಯಾನಾ ಅಂಡ್ ಹರ್ ಸಿಸ್ಟರ್ಸ್’ನಲ್ಲಿ ಇದನ್ನು ತಿರುವಿಹಾಕಿದ್ದಾರೆ. ಮಿಕಿ ಎಂಬ ಟಿ.ವಿ. ನಿರ್ಮಾಪಕನಿಗೆ ಒಂದು ಕಿವಿ ಮಂದವಾಗುತ್ತದೆ, ಮೆದುಳಿನಲ್ಲಿ ಗೆಡ್ಡೆಯಿದೆಯೆಂದು ನಡುಗುತ್ತಾನೆ. ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಗೊತ್ತಾಗಿ ರಸ್ತೆಯಲ್ಲಿ ಕುಣಿಯುತ್ತಾ ಓಡುತ್ತಾನೆ. ಓಡುತ್ತಾ ಓಡುತ್ತಾ ಗಕ್ಕನೆ ನಿಂತುಬಿಡುತ್ತಾನೆ: ಇವತ್ತಲ್ಲದಿದ್ದರೂ ಒಂದು ದಿನ ಸಾಯುವುದು ಸಾಯುವುದೇ! ಅವನ ನಿಜವಾದ ಕಥೆ ಶುರುವಾಗುವುದು ಅಲ್ಲಿಂದ. ರಿಪೋರ್ಟ್ ಸರಿಯಿದ್ದ ಮೇಲೂ ಉಳಿಯುವ ಭಯವನ್ನೇ ಬರೆಯಿರಿ. ಅದಕ್ಕೆ ಔಷಧಿಯಿಲ್ಲ, ಹಾಗಾಗಿ ಎರಡು ಗಂಟೆ ಎಳೆಯುವಷ್ಟು ಶಕ್ತಿಯಿದೆ.

ಮನೆಯಲ್ಲಿ ಎಷ್ಟು ಜನ ಇರಬೇಕು?

ಆರರಿಂದ ಎಂಟು. ಅದಕ್ಕಿಂತ ಹೆಚ್ಚಾದರೆ ಪ್ರೇಕ್ಷಕರು ನಂಟಸ್ತನ ಲೆಕ್ಕ ಹಾಕುವುದರಲ್ಲೇ ಉಳಿಯುತ್ತಾರೆ. ಬರೆಯುವ ಮೊದಲು ಒಂದು ಹಾಳೆಯಲ್ಲಿ ಎಲ್ಲರ ವಯಸ್ಸು, ಸಾಲ, ಕಾಯಿಲೆ ಬರೆದುಕೊಳ್ಳಿ. ಉದಾಹರಣೆಗೆ ನಾಯಕನಿಗೆ 47, ಅಪ್ಪನಿಗೆ 76, ಮಗಳಿಗೆ 17, ಎರಡನೇ ಪಿ.ಯು.ಸಿ. ಮನೆ ಸಾಲದ ಕಂತು ಇನ್ನೂ 11 ವರ್ಷ, ಅಂದರೆ 58ಕ್ಕೆ ಮುಗಿಯುತ್ತದೆ. ರಾಜ್ಯ ಸರ್ಕಾರಿ ನೌಕರನಾದರೆ ನಿವೃತ್ತಿ 60ಕ್ಕೆ. ಸಾಲವಿಲ್ಲದೆ ಸಂಬಳ ಎಣಿಸುವುದು ಎರಡೇ ವರ್ಷ. ಈ ಲೆಕ್ಕ ಅವನ ತಲೆಯೊಳಗೆ ಸದಾ ಓಡುತ್ತಿರುತ್ತದೆ, ಅದು ಗೊತ್ತಾದರೆ ಸಂಭಾಷಣೆ ತಾನಾಗಿ ಬರುತ್ತದೆ.

ಅಪ್ಪನ ಪಾತ್ರವನ್ನು ಹಗುರವಾಗಿ ಬರೆಯಬೇಡಿ. 76ರ ಅಪ್ಪ ನಿಶ್ಚಿಂತೆಯಿಂದ ಬೋಂಡ ತಿನ್ನುತ್ತಿರುವಾಗ 47ರ ಮಗ ಓಟ್ಸ್ ಗಂಜಿಯ ಮುಂದೆ ಕೂತಿರುತ್ತಾನೆ. ಚಿತ್ರದ ಅರ್ಧ ನಗು ಆ ಒಂದೇ ಟೇಬಲ್ಲಿನಲ್ಲಿ ಸಿಗುತ್ತದೆ.

ಹಾಸ್ಯಕ್ಕೆ ಪಂಚ್ ಡೈಲಾಗ್ ಬೇಡವೇ?

ಈ ಬಗೆಯ ಚಿತ್ರಕ್ಕೆ ಬೇಡ. ಮನದಲ್ಲಿರುವುದನ್ನು ಬಿಟ್ಟು ಪಾತ್ರ ಬೇರೆಯದನ್ನು ಕೇಳಬೇಕು.

ಗಂಡ: ಲಾಕರ್ ಕೀ ಎಲ್ಲಿದೆ ಅಂತ ನಿಂಗೆ ಗೊತ್ತು ತಾನೆ?
ಹೆಂಡತಿ: ಬೀರುವಲ್ಲಿ. ಯಾಕ್ರೀ ಈಗ?
ಗಂಡ: ಸುಮ್ನೆ ಕೇಳ್ದೆ. ಗ್ಯಾಸ್ ಬುಕ್ ಮಾಡೋದು ಗೊತ್ತಾ?
ಹೆಂಡತಿ: ಹದಿನೆಂಟು ವರ್ಷದಿಂದ ಬುಕ್ ಮಾಡ್ತಿರೋಳು ನಾನೇ ಕಣ್ರೀ.
ಗಂಡ: ಹಂಗಾದ್ರೆ ಸರಿ.

‘ನಾನು ಹೋದಮೇಲೆ’ ಎಂಬ ಮಾತನ್ನು ಅವನು ಆಡಿಲ್ಲ, ಆದರೂ ಎಲ್ಲರಿಗೂ ಕೇಳಿಸುತ್ತದೆ. ಮೊದಲ ಅರ್ಧದಲ್ಲಿ ನಾಯಕನ ಬಾಯಲ್ಲಿ ‘ಸಾವು’ ಎಂಬ ಪದ ಬಾರದಂತೆ ಬರೆದು ನೋಡಿ. ಅದು ಮೊದಲ ಸಲ ಹೊರಬಿದ್ದಾಗ ದೃಶ್ಯಕ್ಕೆ ಎಷ್ಟು ತೂಕ ಬರುತ್ತದೆಂದು ನಿಮಗೇ ಗೊತ್ತಾಗುತ್ತದೆ.

ಚಿತ್ರಕಥೆಯ ಅಳತೆ ಎಷ್ಟಿರಬೇಕು?

105ರಿಂದ 115 ನಿಮಿಷ, 60–70 ದೃಶ್ಯ. ಒಂದು ಪುಟಕ್ಕೆ ಒಂದು ನಿಮಿಷ ಎಂಬ ಲೆಕ್ಕ ಇಂಗ್ಲಿಷ್ ಚಿತ್ರಕಥೆಯ ವಿನ್ಯಾಸಕ್ಕೆ ಹೊಂದುವಂಥದು. ಕನ್ನಡ ಲಿಪಿಯಲ್ಲಿ ಅಕ್ಷರದ ಗಾತ್ರ, ಸಾಲಿನ ಅಂತರ ಬೇರೆ, ಅದನ್ನು ನಂಬಬೇಡಿ. ಇಬ್ಬರು ಕೂತು ಇಡೀ ಚಿತ್ರಕಥೆಯನ್ನು ಗಟ್ಟಿಯಾಗಿ ಓದಿ, ಸ್ಟಾಪ್‌ವಾಚ್ ಹಿಡಿದು ಪ್ರತಿ ದೃಶ್ಯದ ಸಮಯ ಬರೆದುಕೊಳ್ಳಿ. ಮೌನವನ್ನೂ ಎಣಿಸಿ. ಒಂದೇ ಕೋಣೆಯ ಸಂಭಾಷಣೆ ಮೂರು ನಿಮಿಷ ದಾಟಿದರೆ ಅದರ ಮಧ್ಯೆ ಯಾರಾದರೂ ಒಳಗೆ ಬರಬೇಕು, ಇಲ್ಲವೇ ಕುಕ್ಕರ್ ಕೂಗಬೇಕು.

ಮನೆಯವರೆಲ್ಲ ಸೇರುವ ಊಟ ಮೂರು ಸಲ ಬರಲಿ: ಶುರುವಿನಲ್ಲಿ, ನಡುವೆ, ಕೊನೆಯಲ್ಲಿ. ಮೇಲೆ ಹೇಳಿದ ಅಲೆನ್ ಚಿತ್ರವೂ ಮೂರು ಥ್ಯಾಂಕ್ಸ್‌ಗಿವಿಂಗ್ ಊಟಗಳ ಮೇಲೆ ನಿಂತಿದೆ. ನಮ್ಮಲ್ಲಿ ಯುಗಾದಿ, ಗೌರಿ ಹಬ್ಬ, ವೈಕುಂಠ ಸಮಾರಾಧನೆ ಯಾವುದಾದರೂ ಆಗಬಹುದು. ಯಾರು ಯಾರ ಪಕ್ಕ ಕೂತರು, ಯಾವ ಜಾಗ ಖಾಲಿಯಿದೆ ಎಂಬುದರಿಂದಲೇ ಕಾಲ ಸರಿದದ್ದು ಕಾಣಿಸುತ್ತದೆ.

‘ತಿಥಿ’ ಚಿತ್ರದಿಂದ ಏನು ಕಲಿಯಬಹುದು?

ಬಹಳಷ್ಟು. ರಾಮ್ ರೆಡ್ಡಿ ನಿರ್ದೇಶಿಸಿ, ಈರೇಗೌಡರ ಜೊತೆ ಸೇರಿ ಬರೆದ ಈ ಚಿತ್ರ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ತಯಾರಾಯಿತು. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಗಳಿಸಿತು, ಕನ್ನಡದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರ ಪ್ರಶಸ್ತಿಯನ್ನೂ ಪಡೆಯಿತು, 2016ರ ಮೇ ತಿಂಗಳಲ್ಲಿ ಇಲ್ಲಿ ತೆರೆಕಂಡಿತು. 101 ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಅವನ ಸಾವಿಗೂ ಹನ್ನೊಂದನೇ ದಿನದ ತಿಥಿಗೂ ನಡುವೆ ಮಗ ಗಡ್ಡಪ್ಪ, ಮೊಮ್ಮಗ ತಮ್ಮಣ್ಣ, ಮರಿಮಗ ಅಭಿ ಈ ಮೂವರ ದಾರಿಗಳು ಹೆಣೆದುಕೊಳ್ಳುತ್ತವೆ.

ಬರಹಗಾರರು ಗಮನಿಸಬೇಕಾದ್ದು ಆ ಹನ್ನೊಂದು ದಿನದ ಗಡುವು. ಅಲ್ಲಿ ನಡುವಯಸ್ಸಿನವನು ತಮ್ಮಣ್ಣ. ಜಮೀನು ಮಾರಬೇಕು, ಅದಕ್ಕೆ ಬದುಕಿರುವ ಅಪ್ಪನನ್ನೇ ಕಾಗದದ ಮೇಲೆ ಸಾಯಿಸಲು ಹೊರಡುತ್ತಾನೆ. ಗಡ್ಡಪ್ಪನಿಗೆ ಮಾತ್ರ ಯಾವ ಆಸ್ತಿಯೂ ಬೇಡ, ಸುಮ್ಮನೆ ನಡೆಯುತ್ತಿರುತ್ತಾನೆ. ಒಬ್ಬನ ಆತಂಕ ಇನ್ನೊಬ್ಬನ ನಿರಾಳದ ಪಕ್ಕದಲ್ಲಿದ್ದಾಗಲೇ ನಗು ಹುಟ್ಟುತ್ತದೆ. ಅಲ್ಲಿನ ಹಳ್ಳಿ, ಭಾಷೆ, ಗಡ್ಡವನ್ನು ನಕಲು ಮಾಡಿದರೆ ನಿಮಗೆ ಸಿಗುವುದು ನಕಲು ಮಾತ್ರ. ತೆಗೆದುಕೊಳ್ಳಬೇಕಾದ್ದು ಗಡುವನ್ನು.

ಎದೆನೋವಿನ ದೃಶ್ಯವನ್ನು ನಂಬುವಂತೆ ತೆಗೆಯುವುದು ಹೇಗೆ?

ನಾಯಕನಿಗೆ ಆಗುತ್ತಿರುವುದು ಏನೆಂದು ಮೊದಲು ತೀರ್ಮಾನಿಸಿ. ಪ್ಯಾನಿಕ್ ಅಟ್ಯಾಕ್ ಆದರೆ ಎದೆ ಡವಗುಟ್ಟುತ್ತದೆ, ಕೈ ಜುಮ್ಮೆನ್ನುತ್ತದೆ, ಬೆವರುತ್ತದೆ, ಉಸಿರು ಸಾಲದೆನಿಸುತ್ತದೆ, ‘ಈಗಲೇ ಸಾಯುತ್ತೇನೆ’ ಎನಿಸುತ್ತದೆ. ಸುಮಾರು ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯುತ್ತದೆ. ನಟ ಎದೆ ಹಿಡಿದು ಕುಸಿದು ಬೀಳುವ ಅಗತ್ಯವೇ ಇಲ್ಲ. ಮದುವೆ ಮನೆಯಲ್ಲಿ ಊಟದ ಎಲೆ ಮುಂದೆ ಕೂತು, ಬಡಿಸುವವರಿಗೆ ಬೇಡ ಎನ್ನಲೂ ಆಗದೆ ಬೆವರುತ್ತಿರುವುದು ಸಾಕು.

ಇ.ಸಿ.ಜಿ. ತೆಗೆಯುವಾಗ ಹತ್ತು ಕಡೆ ಎಲೆಕ್ಟ್ರೋಡ್ ಹಚ್ಚುತ್ತಾರೆ: ಕೈಕಾಲಿಗೆ ನಾಲ್ಕು ಕ್ಲಿಪ್, ಎದೆಗೆ ಆರು ರಬ್ಬರ್ ಬಲ್ಬ್, ಕೆಳಗೆ ತಣ್ಣನೆಯ ಜೆಲ್. ಆ ಜೆಲ್ ತಗುಲಿದಾಗ ಮೈ ಜುಮ್ಮೆನ್ನುವುದನ್ನು ನಟ ಅಭಿನಯಿಸಬೇಕಿಲ್ಲ, ನಿಜದ ಜೆಲ್ ಬಳಸಿದರೆ ಆಯಿತು. ಹೃದಯಕ್ಕೆ ಪೆಟ್ಟಾಗಿದೆಯೇ ಎಂದು ತಿಳಿಯುವ ಟ್ರೋಪೊನಿನ್ ರಕ್ತಪರೀಕ್ಷೆಯನ್ನು ಕೆಲವು ಗಂಟೆ ಬಿಟ್ಟು ಮತ್ತೊಮ್ಮೆ ಮಾಡುವುದುಂಟು. ಹೊರಗಿನ ಕುರ್ಚಿಗಳ ಮೇಲೆ ಮನೆಯವರೆಲ್ಲ ಕೂರಲೇಬೇಕಾದ ಆ ಹೊತ್ತನ್ನು ಪೂರ್ತಿ ಬಳಸಿಕೊಳ್ಳಿ. ಅಣ್ಣತಮ್ಮಂದಿರ ಹಳೆಯ ಲೆಕ್ಕಗಳು ಹೊರಬರಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಹಾಸ್ಯಕ್ಕೆ ಬೇಕಾದ ಏರಿಕೆ ಆಗಲೇ ಇದೆ. ಸಾಮಾನ್ಯವಾಗಿ ಬಳಸುವ ಬ್ರೂಸ್ ಪದ್ಧತಿಯಲ್ಲಿ ಮೂರು ಮೂರು ನಿಮಿಷಕ್ಕೆ ವೇಗವೂ ಏರುಮುಖವೂ ಹೆಚ್ಚುತ್ತವೆ: ಗಂಟೆಗೆ 2.7 ಕಿ.ಮೀ. ವೇಗ, ಶೇ. 10 ಏರು, ಆಮೇಲೆ 4 ಕಿ.ಮೀ., ಶೇ. 12, ಆಮೇಲೆ 5.5 ಕಿ.ಮೀ., ಶೇ. 14. ಮುಟ್ಟಬೇಕಾದ ಎದೆಬಡಿತದ ಲೆಕ್ಕ 220ರಿಂದ ವಯಸ್ಸು ಕಳೆದು ಅದರ ಶೇ. 85. ನಲವತ್ತೇಳರವನಿಗೆ ಅದು ಸುಮಾರು 147. ಪರೀಕ್ಷೆಗೆ ಮೊದಲು ಎದೆಯ ಕೂದಲು ಬೋಳಿಸುವುದುಂಟು. ಆ ಬೋಳು ಗುರುತುಗಳು ಮುಂದಿನ ದೃಶ್ಯಗಳಲ್ಲೂ ಇರಬೇಕು, ಕಂಟಿನ್ಯುಟಿ (ಒಂದು ದೃಶ್ಯದ ವಿವರ ಮುಂದಿನದಕ್ಕೆ ಹೊಂದುವಂತೆ) ಬರೆಯುವವರು ಇದನ್ನು ಮರೆಯುತ್ತಾರೆ.

ಒಂದು ಕಳಕಳಿಯ ಮಾತು: ‘ಬರೀ ಗ್ಯಾಸು’ ಎಂದು ಎದೆನೋವನ್ನು ಕಡೆಗಣಿಸುವುದೇ ಜಾಣತನ ಎಂಬ ಅರ್ಥ ಬರುವಂತೆ ದೃಶ್ಯ ಮುಗಿಸಬೇಡಿ. ‘ಬಂದಿದ್ದು ಒಳ್ಳೇದಾಯ್ತು, ಪರೀಕ್ಷೆ ಮಾಡದೆ ನಮಗೂ ಗೊತ್ತಾಗಲ್ಲ’ ಎಂದು ಡಾಕ್ಟರ್ ಒಂದು ಮಾತು ಹೇಳಲಿ. ಅದರಿಂದ ನಗು ಕಡಿಮೆಯಾಗುವುದಿಲ್ಲ.

ಮಾನಿಟರಿನಲ್ಲಿ ಗೆರೆ ಸಪಾಟಾದಾಗ ಶಾಕ್ ಕೊಡುವುದನ್ನು ತೋರಿಸಬಹುದೇ?

ಬೇಡ. ಗೆರೆ ಪೂರ್ತಿ ಸಪಾಟಾದ ಹೃದಯಕ್ಕೆ ಶಾಕ್ ಕೊಡುವುದಿಲ್ಲ, ಎದೆ ಒತ್ತುತ್ತಾರೆ, ಇಂಜೆಕ್ಷನ್ ಕೊಡುತ್ತಾರೆ.

ತಿಥಿ ಎಷ್ಟನೇ ದಿನ ಎಂದು ಬರೆಯಬೇಕು?

ಪಾತ್ರದ ಮನೆತನ ಯಾವುದೆಂದು ನಿರ್ಧರಿಸದೆ ಇದಕ್ಕೆ ಉತ್ತರವಿಲ್ಲ. ಹಳೇ ಮೈಸೂರಿನ ಒಕ್ಕಲಿಗ ಮನೆಗಳಲ್ಲಿ ಮೂರನೇ ದಿನ ಹಾಲು ತುಪ್ಪ, ಹನ್ನೊಂದನೇ ದಿನ ತಿಥಿ ಸಾಮಾನ್ಯ. ಬ್ರಾಹ್ಮಣರಲ್ಲಿ ಹತ್ತನೇ ದಿನ ಧರ್ಮೋದಕ, ಹನ್ನೆರಡಕ್ಕೆ ಸಪಿಂಡೀಕರಣ, ಹದಿಮೂರಕ್ಕೆ ವೈಕುಂಠ ಸಮಾರಾಧನೆ. ಲಿಂಗಾಯತರಲ್ಲಿ ಸುಡುವುದಿಲ್ಲ, ಕೂರಿಸಿ ಸಮಾಧಿ ಮಾಡುತ್ತಾರೆ. ಅವರ ಮನೆಯ ಕಥೆಯಲ್ಲಿ ಚಿತೆ ಉರಿಸಿದರೆ ಆ ತಪ್ಪನ್ನು ಯಾರೂ ಕ್ಷಮಿಸುವುದಿಲ್ಲ. ಕರಾವಳಿಯ ತುಳುವರಲ್ಲಿ ಉತ್ತರಕ್ರಿಯೆಗೆ ಬೊಜ್ಜ ಎನ್ನುತ್ತಾರೆ. ಒಂದೇ ಜಾತಿಯಲ್ಲೂ ಊರಿಂದ ಊರಿಗೆ ದಿನ ಬದಲಾಗುತ್ತದೆ. ಹಾಗಾಗಿ ಕಥೆ ನಡೆಯುವ ಊರಿನಲ್ಲೇ ಕ್ರಿಯೆ ಮಾಡಿಸುವ ಹಿರಿಯರನ್ನು ಹಿಡಿದು ದಿನ ದಿನದ ಪಟ್ಟಿ ಬರೆಸಿಕೊಳ್ಳಿ.

ಊಟದಲ್ಲೂ ಎಡವುವವರು ಬಹಳ. ಮಂಡ್ಯದ ಕಡೆ ಅನೇಕ ಮನೆಗಳ ತಿಥಿಯಲ್ಲಿ ಮುದ್ದೆ, ಮಟನ್ ಇರುತ್ತದೆ. ಬ್ರಾಹ್ಮಣರ ಶ್ರಾದ್ಧದ ಎಲೆಗೆ ಈರುಳ್ಳಿ, ಬೆಳ್ಳುಳ್ಳಿ, ಎಲೆಕೋಸು, ಕ್ಯಾರೆಟ್ ಬರುವುದಿಲ್ಲ. ಕೇಟರಿಂಗ್‌ನವರು ತಂದ ಕ್ಯಾರೆಟ್ ಕೋಸಂಬರಿ ಕ್ಲೋಸಪ್ಪಿನಲ್ಲಿ ಕಂಡರೆ ಬಲ್ಲವರ ಗಮನ ಅಲ್ಲೇ ನಿಲ್ಲುತ್ತದೆ.

ಸತ್ತಮೇಲಿನ ಕಾಗದಪತ್ರದಲ್ಲಿ ಕಥೆಗೆ ಏನು ಸಿಗುತ್ತದೆ?

ಹಣದ ವಿಚಾರ ಮಾತಾಡದ ಮನೆಯೂ ಅರ್ಜಿ ತುಂಬುವಾಗ ಮಾತಾಡಲೇಬೇಕು. ಮರಣವನ್ನು 21 ದಿನದೊಳಗೆ ನೋಂದಾಯಿಸಬೇಕು, ಅದು ಮೀರಿದರೆ ದಂಡಶುಲ್ಕ. ವರ್ಷ ಮೀರಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ಆಸ್ಪತ್ರೆಯಲ್ಲಿ ತೀರಿಕೊಂಡರೆ ಸಾವಿನ ಕಾರಣದ ಪ್ರಮಾಣಪತ್ರ ನಮೂನೆ 4ರಲ್ಲಿ, ಮನೆಯಲ್ಲಾದರೆ 4ಎ. ಕರ್ನಾಟಕದಲ್ಲಿ ನೋಂದಣಿ ನಡೆಯುವುದು ಇ-ಜನ್ಮ ತಂತ್ರಾಂಶದಲ್ಲಿ. ಜಮೀನಿದ್ದರೆ ಪೌತಿ ಖಾತೆ, ಅಂದರೆ ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಅದಕ್ಕೆ ವಂಶವೃಕ್ಷ. ಆ ವಂಶವೃಕ್ಷದಲ್ಲಿ ಯಾರೂ ನಿರೀಕ್ಷಿಸದ ಒಂದು ಹೆಸರು ಸೇರಬೇಕಾಗಿ ಬಂದರೆ ಇಡೀ ಎರಡನೇ ಅರ್ಧ ನಿಮ್ಮ ಕೈಯಲ್ಲಿದೆ.

ಸಾವಿನ ಭಯ ಹಿಡಿದವನು ವಿಲ್ ಬರೆಯಲು ಹೊರಟರೂ ಒಳ್ಳೆಯ ದೃಶ್ಯ. ವಿಲ್‌ಗೆ ಸ್ಟಾಂಪ್ ಪೇಪರ್ ಬೇಕಿಲ್ಲ, ನೋಂದಣಿ ಕಡ್ಡಾಯವಿಲ್ಲ, ಆದರೆ ಇಬ್ಬರು ಸಾಕ್ಷಿಗಳು ಬೇಕು. ಗುಟ್ಟಾಗಿ ಇಬ್ಬರನ್ನು ಹುಡುಕುವಷ್ಟರಲ್ಲಿ ಬೀದಿಗೆಲ್ಲ ಸುದ್ದಿಯಾಗಿರುತ್ತದೆ. ಮದುವೆಗೆ ಮುಂಚೆ ಮಾಡಿಸಿದ ಪಾಲಿಸಿಯಲ್ಲಿ ನಾಮಿನಿ ಇನ್ನೂ ತೀರಿಹೋದ ಅಮ್ಮನೇ ಆಗಿರುವುದು ಸಿನಿಮಾದ ಹೊರಗೂ ಆಗುವ ಸಂಗತಿ. ಅದನ್ನು ಹೆಂಡತಿ ಓದುವಾಗ ಕ್ಯಾಮೆರಾ ಅವಳ ಮುಖದ ಮೇಲಿರಲಿ.

ಹೆಣವಾಗಿ ಮಲಗುವ ನಟನ ಉಸಿರಾಟ ಕಾಣುತ್ತದೆ, ಏನು ಮಾಡುವುದು?

ಶಾಟನ್ನು 12–15 ಸೆಕೆಂಡಿಗೆ ಇಳಿಸಿ. ಪೂರ್ತಿ ಉಸಿರೆಳೆದು ಹಿಡಿದರೆ ಎದೆ ಉಬ್ಬಿ ಕುತ್ತಿಗೆಯ ನರ ಎದ್ದು ಕಾಣುತ್ತದೆ. ಅರ್ಧ ಉಸಿರು ಬಿಟ್ಟು ಅಲ್ಲಿ ನಿಲ್ಲಿಸಲು ಹೇಳಿ. ಟೇಕಿಗೆ ಮೊದಲು ಒಮ್ಮೆ ಉಗುಳು ನುಂಗಲಿ. ಮುಖದ ಮೇಲೆ ನೇರ ಬೆಳಕು ಬಿದ್ದರೆ ರೆಪ್ಪೆ ಅದುರುತ್ತದೆ, ಬೆಳಕನ್ನು ಪಕ್ಕದಿಂದ ಕೊಡಿ, ಮುಚ್ಚಿದ ರೆಪ್ಪೆಯೊಳಗೆ ದೃಷ್ಟಿ ಕೆಳಗಿಡಲು ಹೇಳಿ. ಹೊಟ್ಟೆಯ ಮೇಲೆ ದಪ್ಪ ಸೇವಂತಿಗೆ ಹಾರ ಬಂದರೆ ಉಸಿರಿನ ಏರಿಳಿತ ಬಹುಪಾಲು ಮರೆಯಾಗುತ್ತದೆ. ಒಂದು ದಿನದ ಚಿತ್ರೀಕರಣಕ್ಕೆ ಒಂದೇ ಥರದ ಹಾರ ಮೂರು ಜೊತೆ ತರಿಸಿ, ಮಧ್ಯಾಹ್ನದ ಹೊತ್ತಿಗೆ ಮೊದಲಿನದು ಬಾಡಿರುತ್ತದೆ. ತಲೆಯ ಹತ್ತಿರದ ದೀಪದ ಎಣ್ಣೆ ಎಷ್ಟಿತ್ತೆಂದು ಫೋಟೊ ತೆಗೆದಿಡಿ. ಹತ್ತಿಯನ್ನು ಮೂಗಿಗೆ ಸಡಿಲವಾಗಿ ಇಡಿ, ಬೆನ್ನ ಕೆಳಗೆ ಒಂದಿಂಚಿನ ಫೋಮ್ ಇರಲಿ. ತಣ್ಣನೆ ನೆಲದಲ್ಲಿ ಗಂಟೆಗಟ್ಟಲೆ ಮಲಗುವುದು ವಯಸ್ಸಾದ ಕಲಾವಿದರಿಗೆ ನಿಜವಾದ ಹಿಂಸೆ.

ಗಾಜಿನ ಫ್ರೀಜರ್ ಪೆಟ್ಟಿಗೆಯಲ್ಲಿ ಬದುಕಿರುವವರನ್ನು ಮಲಗಿಸಿ ಮುಚ್ಚಬಾರದು. ಉಸಿರಿಗೆ ಗಾಜು ಮಂಜಾಗಿ ಶಾಟ್ ಕೆಡುವುದು ಚಿಕ್ಕ ವಿಷಯ. ಒಳಗೆ ಗಾಳಿ ಸಾಲದಾಗುವುದು ಪ್ರಾಣದ ವಿಷಯ. ದೂರದ ಶಾಟಿಗೆ ಗೊಂಬೆ ಇಡಿ. ಹತ್ತಿರದ ಶಾಟಿಗೆ ಕರೆಂಟ್ ತೆಗೆದು, ಕ್ಯಾಮೆರಾಕ್ಕೆ ಕಾಣದ ಬದಿಯಲ್ಲಿ ಮುಚ್ಚಳ ಎತ್ತಿಡಿ.

ಚಟ್ಟ ಹೊರುವ ಶಾಟಿಗೆ ಭುಜದ ಎತ್ತರ ಒಂದೇ ಇರುವವರನ್ನು ಆರಿಸಿ, ಇಲ್ಲದಿದ್ದರೆ ಒಂದು ಮೂಲೆ ವಾಲುತ್ತದೆ. ಮೊದಲು ಎರಡು ಅಕ್ಕಿಮೂಟೆ ಕಟ್ಟಿ ಅದೇ ದಾರಿಯಲ್ಲಿ ನಡೆಸಿ ನೋಡಿ. ಕಲಾವಿದರನ್ನು ಹೊರುವಾಗ ಬಟ್ಟೆಯೊಳಗೆ ಸೊಂಟಕ್ಕೆ ಬೆಲ್ಟ್ ಹಾಕಿ ಬಿದಿರಿಗೆ ಬಿಗಿಯಿರಿ.

ಕಲಾವಿದರು ಚಟ್ಟದ ಮೇಲೆ ಮಲಗಲು ಒಪ್ಪುವುದಿಲ್ಲ.

ಒತ್ತಾಯಿಸಬೇಡಿ. ಹಾರ ಹಾಕಿದ ಫೋಟೊಗೂ ಇದೇ ಮಾತು: ಯಾವ ಭಾವಚಿತ್ರ, ಎಲ್ಲೆಲ್ಲಿ ಕಾಣುತ್ತದೆ ಎಂದು ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ, ಮನೆಯವರಿಗೂ ತಿಳಿಸಿ. ಸಾವಿನ ದೃಶ್ಯ ಮುಗಿದ ಕೂಡಲೇ ನಟ ಕಣ್ಣು ಬಿಟ್ಟು ಕ್ಯಾಮೆರಾ ನೋಡಿ ನಗುವ ಒಂದು ಶಾಟ್ ತೆಗೆಯುವ ರೂಢಿ ನಮ್ಮ ಸೆಟ್ಟುಗಳಲ್ಲಿದೆ. ಅದಕ್ಕೆ ಹಿಡಿಯುವುದು ಅರ್ಧ ನಿಮಿಷ, ತಪ್ಪದೆ ಮಾಡಿ.

ಪಿಂಡಕ್ಕೆ ಕಾಗೆ ಬರುವ ದೃಶ್ಯ ತೆಗೆಯುವುದು ಹೇಗೆ?

ಕಾಗೆ ಹಿಡಿದು ಕಟ್ಟಬೇಡಿ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಂಥ ಅಪರಕರ್ಮದ ಜಾಗಗಳಲ್ಲಿ ಕಾಗೆಗಳಿಗೆ ಅನ್ನದ ರೂಢಿಯಿರುತ್ತದೆ. ಬೆಳಗ್ಗೆ ಬೇಗ, 200 ಎಂ.ಎಂ. ಅಥವಾ ಅದಕ್ಕಿಂತ ಉದ್ದದ ಲೆನ್ಸ್ ಹಾಕಿ ದೂರದಿಂದ ಕಾಯಿರಿ. ಕಲಾವಿದರ ಮುಖಗಳನ್ನು ಬೇರೆ ಹೊತ್ತಿನಲ್ಲಿ ತೆಗೆದು ಎಡಿಟಿಂಗ್‌ನಲ್ಲಿ ಸೇರಿಸಿ. ಈ ದೃಶ್ಯದ ಸೊಗಸು ಕಾಯುವವರ ಮುಖದಲ್ಲಿದೆ, ಕಾಗೆಯ ಶಾಟ್ ಎರಡು ಸಾಕು. ಅಲ್ಲಿ ನಿಜವಾದ ಕರ್ಮ ಮಾಡುತ್ತಿರುವವರು ಚೌಕಟ್ಟಿನೊಳಗೆ ಬರಬಾರದು. ಪ್ರಾಣಿ ಪಕ್ಷಿಗಳನ್ನು ಅಭಿನಯಕ್ಕೆ ಬಳಸುವುದಾದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿಯನ್ನು ಚಿತ್ರೀಕರಣಕ್ಕೆ ಮೊದಲೇ ಪಡೆಯಿರಿ. ಅದಿಲ್ಲದೆ ಸೆನ್ಸಾರ್ ಹಂತದಲ್ಲಿ ಸಿಕ್ಕಿಕೊಳ್ಳುತ್ತೀರಿ.

ಸ್ಮಶಾನದಲ್ಲಿ ಚಿತ್ರೀಕರಣ?

ಪಾಲಿಕೆ ಅಥವಾ ಪಂಚಾಯಿತಿಯ ಲಿಖಿತ ಅನುಮತಿ ಬೇಕು. ಅನುಮತಿ ಕೈಯಲ್ಲಿದ್ದರೂ ನಿಜವಾದ ಶವ ಬಂದರೆ ಕ್ಯಾಮೆರಾ ಮುಚ್ಚಿ ಪಕ್ಕಕ್ಕೆ ಸರಿಯುವುದು ಮೊದಲ ನಿಯಮ, ಅದಕ್ಕಾಗಿ ದಿನಕ್ಕೆ ಎರಡು ಗಂಟೆ ಹೆಚ್ಚು ಇಟ್ಟುಕೊಳ್ಳಿ. ಚಿತೆ ಉರಿಸುವಾಗ ಮೇಲೆ ಗೊಂಬೆ ಮಾತ್ರ. ಕಲಾವಿದರನ್ನು ಗಾಳಿ ಬರುತ್ತಿರುವ ಬದಿಯಲ್ಲಿ ನಿಲ್ಲಿಸಿ, ಹೊಗೆ ಅವರತ್ತ ಬರುವುದಿಲ್ಲ. ಬೆಂಕಿ ಆರಿಸುವ ಸಿಲಿಂಡರ್ ಎರಡು, ಅದನ್ನು ಬಳಸಲು ಬರುವ ಒಬ್ಬರು ಹತ್ತಿರದಲ್ಲಿರಲಿ.

ತಮಟೆ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ.

ಮಾತಿನ ಶಾಟ್ ನಡೆಯುವಾಗ ತಮಟೆಯವರು ಮೂಕಾಭಿನಯ ಮಾಡಲಿ. ಲಯ ತಪ್ಪದಿರಲು ಶಾಟಿಗೆ ಮೊದಲು ಹತ್ತು ಸೆಕೆಂಡ್ ನಿಜವಾಗಿ ಬಾರಿಸಿ ನಿಲ್ಲಿಸಲು ಹೇಳಿ. ಕಲಾವಿದರು ತಮಟೆ ಸದ್ದಿನ ನಡುವೆ ಮಾತಾಡುವಷ್ಟೇ ಎತ್ತರದ ದನಿಯಲ್ಲಿ ಮಾತಾಡಬೇಕು. ಸದ್ದಿಲ್ಲದ ಜಾಗದಲ್ಲಿ ದನಿ ತಗ್ಗಿಸಿದರೆ ಮಿಕ್ಸಿಂಗಿನಲ್ಲಿ ಸುಳ್ಳು ಗೊತ್ತಾಗುತ್ತದೆ. ತಮಟೆಯನ್ನು ಹತ್ತಿರದಿಂದ, ದೂರದಿಂದ ಎಂದು ಬೇರೆಯಾಗಿ ಎರಡು ಸಲ ಧ್ವನಿಮುದ್ರಿಸಿ. ಪ್ರತಿ ಲೊಕೇಶನ್ನಿನಲ್ಲೂ ಯಾರೂ ಮಾತಾಡದ ಒಂದು ನಿಮಿಷದ ಸದ್ದು ತೆಗೆದಿಡಿ. ಈ ಚಿತ್ರದ ತುಂಬ ಮೌನವಿರುತ್ತದೆ, ಆ ಮೌನಕ್ಕೆ ತುಂಬಲು ಅದೇ ಬೇಕು.

ಹಾಸ್ಯ ದೃಶ್ಯಕ್ಕೆ ಹಿನ್ನೆಲೆ ಸಂಗೀತ?

ನಗಬೇಕೆಂದು ಸೂಚಿಸುವ ಸಂಗೀತ ಬೇಡ.

ಸೆನ್ಸಾರ್ ತೊಂದರೆಯಾಗುತ್ತದೆಯೇ?

ಸಾವಿನ ವಿಷಯಕ್ಕಲ್ಲ. 2024ರ ನಿಯಮಗಳ ಪ್ರಕಾರ ಯು/ಎ ವರ್ಗದಲ್ಲಿ 7+, 13+, 16+ ಎಂಬ ಮೂರು ಹಂತಗಳಿವೆ. ಬೈಗುಳ, ಕುಡಿತ ಎಷ್ಟಿದೆ ಎಂಬುದರ ಮೇಲೆ ಹಂತ ನಿಲ್ಲುತ್ತದೆ. ಶವಸಂಸ್ಕಾರದ ದೃಶ್ಯಗಳಲ್ಲಿ ಬೀಡಿ ತಾನಾಗಿ ನುಸುಳುತ್ತದೆ. ಒಂದೇ ಒಂದು ಬೀಡಿ ಕಂಡರೂ ಶುರುವಿನಲ್ಲೂ ಮಧ್ಯಂತರದ ನಂತರವೂ ತಂಬಾಕು ವಿರೋಧಿ ಜಾಹೀರಾತು, ಶಾಟ್ ಇರುವಷ್ಟು ಹೊತ್ತು ಕೆಳಗೆ ಎಚ್ಚರಿಕೆಯ ಸಾಲು ಬರಬೇಕು. ಸಾವಿನ ಭಯದ ಸೂಕ್ಷ್ಮ ಕ್ಲೋಸಪ್ಪಿನ ಮೇಲೆ ಆ ಸಾಲು ಬೇಡವೆಂದಾದರೆ ಚಿತ್ರೀಕರಣದ ದಿನವೇ ಬೀಡಿ ತೆಗೆಸಿ.

ಎಡಿಟಿಂಗ್ ಮುಗಿದ ಮೇಲೆ ಯಾರಿಗೆ ತೋರಿಸಬೇಕು?

ಹದಿನೈದು ಇಪ್ಪತ್ತು ಜನರಿಗೆ, ಅದರಲ್ಲಿ ಅರ್ಧದಷ್ಟು ನಲವತ್ತೈದು ದಾಟಿದವರಿಗೆ. ಗೆಳೆಯರ ಬಳಗ ಮಾತ್ರ ಬೇಡ. ತೆರೆಯ ಕಡೆ ನೋಡದೆ ಅವರ ಕಡೆ ತಿರುಗಿ ಕೂತು, ಎಲ್ಲಿ ನಕ್ಕರು, ಎಲ್ಲಿ ಫೋನ್ ತೆಗೆದರು ಎಂದು ಟೈಮ್‌ಕೋಡ್ ಬರೆದುಕೊಳ್ಳಿ. ನಗು ಬಂದಲ್ಲಿ ಮುಂದಿನ ಮಾತು ಮುಳುಗಿಹೋಗುತ್ತದೆಯೇ ನೋಡಿ; ಮುಳುಗಿದರೆ ಆ ಮಾತಿಗೆ ಮೊದಲು ಕೇಳಿಸಿಕೊಳ್ಳುತ್ತಿರುವವರ ಮುಖದ ಒಂದು ಶಾಟ್, ಒಂದೂವರೆ ಎರಡು ಸೆಕೆಂಡ್ ಸೇರಿಸಿ. ಈಚೆಗೆ ಮನೆಯಲ್ಲಿ ಸಾವು ಕಂಡವರೂ ಆ ಗುಂಪಿನಲ್ಲಿ ಒಬ್ಬರಿರಲಿ, ಆದರೆ ಕಥೆ ಏನೆಂದು ಅವರಿಗೆ ಮುಂಚೆಯೇ ಹೇಳಿ, ಬರುವುದು ಬಿಡುವುದು ಅವರ ಇಷ್ಟಕ್ಕೆ ಬಿಡಿ. ಉಳಿದವರು ನಕ್ಕು ಅವರೊಬ್ಬರು ನಗದ ದೃಶ್ಯವಿದ್ದರೆ ಅದರಲ್ಲಿ ನಾವು ಯಾರನ್ನು ನೋಡಿ ನಗುತ್ತಿದ್ದೇವೆಂದು ಮತ್ತೊಮ್ಮೆ ಪರೀಕ್ಷಿಸಿ, ಬೇಕಾದರೆ ಕತ್ತರಿಸಿ.